ಮೊದಲ ಏರ್ ಪಿಸ್ತೂಲ್: ರಿಯಾಯಿತಿ ಬೆಲೆಗೆ ಕೊಳ್ಳುವಾಗ ಏನೇನು ನೋಡಬೇಕು

ಪಂದ್ಯದ ಏರ್ ಪಿಸ್ತೂಲಿನ ಬೆಲೆ ಸುಮ್ಮಸುಮ್ಮನೆ ಇಳಿಯುವುದಿಲ್ಲ. ಹೊಸ ಮಾಡೆಲ್ ಬಂದು ಹಳೆಯದು ಮೂಲೆ ಸೇರಿರಬಹುದು, ಸರಕು ವರ್ಷಗಟ್ಟಲೆ ಗೋದಾಮಿನಲ್ಲಿ ಕೂತಿರಬಹುದು, ಗ್ರಿಪ್ಪಿನ ಅಳತೆ ಯಾರಿಗೂ ಒಗ್ಗದೆ ಉಳಿದಿರಬಹುದು, ಗಾಳಿ ಸೋರುತ್ತಿದೆ ಎಂದು ಯಾರೋ ವಾಪಸ್ ಕೊಟ್ಟಿರಬಹುದು. ಇವುಗಳಲ್ಲಿ ಕೆಲವು ಕಾರಣಗಳು ನಿಮಗೆ ಲಾಭ, ಕೆಲವು ನಷ್ಟ. ಹಾಗಾಗಿ ಬೆಲೆ ಎಷ್ಟು ಇಳಿದಿದೆ ಅನ್ನುವುದಕ್ಕಿಂತ ಯಾಕೆ ಇಳಿದಿದೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ.

ಇಲ್ಲಿ ಹೇಳುತ್ತಿರುವುದು 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಗೆ ಇಳಿಯಬೇಕೆಂದಿರುವವರು, ಮಕ್ಕಳನ್ನು ರೇಂಜಿಗೆ ಸೇರಿಸಿರುವ ತಂದೆತಾಯಿಯರು ಕೊಳ್ಳುವ ಮೊದಲ ಪಿಸ್ತೂಲಿನ ವಿಚಾರ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು, ಬೆಂಗಳೂರಿನವರೇ ಆದ ದಿವ್ಯಾ ಟಿ.ಎಸ್. ಹ್ಯಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ತಂದದ್ದು ಇದೇ ಸ್ಪರ್ಧೆಯಲ್ಲಿ.

ಮೊದಲು ಕಾನೂನಿನ ಮಾತು

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಕೆಯ ಒಳವ್ಯಾಸ 4.5 ಮಿ.ಮೀ. ದಾಟದ, ಗುಂಡಿನ ಶಕ್ತಿ 20 ಜೌಲ್ ಮೀರದ ಏರ್ ಗನ್ನಿಗೆ ಪರವಾನಗಿ ಬೇಕಿಲ್ಲ. ಈ ಎರಡರಲ್ಲಿ ಒಂದು ಮಿತಿ ಮೀರಿದರೂ ಪರವಾನಗಿ ಬೇಕು. 5.5 ಮಿ.ಮೀ. ಪಿಸ್ತೂಲನ್ನು ತೋರಿಸಿ "ಇದಕ್ಕೂ ಲೈಸೆನ್ಸ್ ಬೇಡ ಸಾರ್" ಅನ್ನುವ ಮಾರಾಟಗಾರರ ಹತ್ತಿರ ವ್ಯವಹಾರವೇ ಬೇಡ. ಪಂದ್ಯದ ಪಿಸ್ತೂಲುಗಳು ಈ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಅರ್ಧ ಗ್ರಾಮಿಗಿಂತ ಹಗುರವಾದ ಪೆಲೆಟ್ (ಏರ್ ಗನ್ನಿನ ಚಿಕ್ಕ ಗುಂಡು) ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಐದಾರು ಜೌಲ್ ಅಷ್ಟೇ.

ಪರವಾನಗಿ ಬೇಡ ಎಂದ ಮಾತ್ರಕ್ಕೆ ಕಾಗದಪತ್ರ ಬೇಡ ಎಂದಲ್ಲ. ಅಧಿಕೃತ ಡೀಲರ್ ಗುರುತಿನ ಚೀಟಿ, ವಿಳಾಸದ ದಾಖಲೆ ಕೇಳುತ್ತಾರೆ, ಕೊಡಿ. ಬಿಲ್ಲಿನಲ್ಲಿ ಮಾಡೆಲ್, ಕ್ಯಾಲಿಬರ್, ಸೀರಿಯಲ್ ನಂಬರ್ ಮೂರೂ ಇರಬೇಕು. ಪಿಸ್ತೂಲನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಯೇ ಸಾಗಿಸಿ, ಬಿಲ್ಲಿನ ಪ್ರತಿಯನ್ನೂ ಕ್ಲಬ್ಬಿನ ಸದಸ್ಯತ್ವದ ಕಾರ್ಡನ್ನೂ ಅದರ ಜೊತೆಯಲ್ಲೇ ಇಟ್ಟಿರಿ. ದಾರಿಯಲ್ಲಿ ತಪಾಸಣೆಯಾದರೆ ನಿಮ್ಮ ಮಾತಿಗಿಂತ ಈ ಎರಡು ಕಾಗದಗಳಿಗೆ ಬೆಲೆ ಹೆಚ್ಚು. ಸಾಮಾಜಿಕ ಜಾಲತಾಣದಲ್ಲಿ ಮುಂಗಡ ಕೇಳಿ, ಬಿಲ್ ಇಲ್ಲದೆ ಕೊರಿಯರ್ ಮಾಡುತ್ತೇವೆ ಅನ್ನುವವರಿಂದ ಎಷ್ಟು ಅಗ್ಗಕ್ಕೆ ಸಿಕ್ಕರೂ ತೆಗೆದುಕೊಳ್ಳಬೇಡಿ. ದುಡ್ಡು ಹೋಗುವುದು ಸಣ್ಣ ನಷ್ಟ. ನಿಜವಾದ ಆಯುಧವೋ ಕದ್ದ ಮಾಲೋ ಮನೆಗೆ ಬಂದರೆ ಅದು ಕ್ರಿಮಿನಲ್ ಪ್ರಕರಣ.

ಪಂದ್ಯಕ್ಕೆ ಆಗುವುದು, ಆಗದಿರುವುದು

ಆನ್‌ಲೈನ್‌ನಲ್ಲಿ ಏರ್ ಪಿಸ್ತೂಲ್ ಎಂದು ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಪೊಲೀಸರ ಪಿಸ್ತೂಲಿನಂತೆ ಕಾಣುವ, 12 ಗ್ರಾಂ ಸಿಒ2 ಕ್ಯಾಪ್ಸೂಲ್ ಹಾಕುವ ಮಾಡೆಲ್‌ಗಳು. ಇವುಗಳಲ್ಲಿ ಬಹಳಷ್ಟು ಉಕ್ಕಿನ ಗೋಲಿ ಹಾರಿಸುತ್ತವೆ. ನಳಿಕೆಯ ಒಳಗೆ ತಿರುಚು ಗೆರೆ ಇರುವುದಿಲ್ಲ, ಗುರಿ ನಿಲ್ಲುವುದಿಲ್ಲ. ಉಕ್ಕಿನ ಗೋಲಿ ಗಟ್ಟಿ ಮೇಲ್ಮೈಗೆ ಬಡಿದು ಹಿಂದಕ್ಕೆ ಚಿಮ್ಮುವುದರಿಂದ ಅದನ್ನು ರೇಂಜಿನ ಒಳಗೇ ಬಿಡುವುದಿಲ್ಲ. ಪಂದ್ಯದಲ್ಲಿ ಸೀಸದ ಅಥವಾ ಅಂಥದ್ದೇ ಮೆದು ವಸ್ತುವಿನ ಪೆಲೆಟ್ಟಿಗೆ ಮಾತ್ರ ಅವಕಾಶ. ಸ್ಪ್ರಿಂಗ್ ಪಿಸ್ತೂಲುಗಳು ಅಗ್ಗವೇ ಹೌದು. ಆದರೆ ಗುಂಡು ನಳಿಕೆ ಬಿಡುವ ಮೊದಲೇ ಸ್ಪ್ರಿಂಗಿನ ಒದೆತಕ್ಕೆ ಕೈ ಅಲುಗುತ್ತದೆ. ಕಲಿಯುವವರಿಗೆ ತಪ್ಪು ತಮ್ಮ ಕೈಯದೋ ಪಿಸ್ತೂಲಿನದೋ ಗೊತ್ತಾಗದೆ ಹೋಗುವುದು ಇಲ್ಲೇ.

ಪಂದ್ಯಕ್ಕೆ ಉಳಿಯುವುದು ಎರಡು ಬಗೆ. ಒಂದು, ಸನ್ನೆಯನ್ನು ಪ್ರತಿ ಗುಂಡಿಗೂ ಒಮ್ಮೆ ಬಿಚ್ಚಿ ಮಡಚಿ ಗಾಳಿ ಒತ್ತುವ ಪಿಸ್ತೂಲ್. ರಷ್ಯಾದ ಬೈಕಲ್ ಐಝ್‌ಹೆಚ್-46ಎಂ ಈ ಬಗೆಯಲ್ಲಿ ಹೆಸರುವಾಸಿ. ಸಿಲಿಂಡರ್ ಇಲ್ಲ, ಪಂಪ್ ಬೇಡ, ಗುರಿಯೂ ಚೊಕ್ಕ. ಆದರೆ ತೂಕ ಜಾಸ್ತಿ, 60 ಗುಂಡಿಗೆ 60 ಸಲ ಸನ್ನೆ ಎಳೆಯುವಷ್ಟರಲ್ಲಿ ಹನ್ನೆರಡು-ಹದಿಮೂರರ ಮಕ್ಕಳ ತೋಳು ಸೋತುಹೋಗುತ್ತದೆ. ಗಟ್ಟಿಮುಟ್ಟಾದ ದೊಡ್ಡವರು ಸೆಕೆಂಡ್ ಹ್ಯಾಂಡಿನಲ್ಲಿ ಒಳ್ಳೆಯದು ಸಿಕ್ಕರೆ ಧೈರ್ಯವಾಗಿ ಕೊಳ್ಳಬಹುದು.

ಇನ್ನೊಂದು, 200 ಬಾರ್ ಒತ್ತಡದ ಗಾಳಿ ತುಂಬುವ ಸಿಲಿಂಡರ್ ಇರುವ ಪಿಸ್ತೂಲ್. ಇವತ್ತು ರೇಂಜುಗಳಲ್ಲಿ ಕಾಣುವುದು ಹೆಚ್ಚಾಗಿ ಇದೇ. ಆಸ್ಟ್ರಿಯಾದ ಸ್ಟೈಯರ್, ಜರ್ಮನಿಯ ವಾಲ್ಟರ್ ಮತ್ತು ಫೈನ್‌ವೆರ್ಕ್‌ಬಾವ್, ಸ್ವಿಟ್ಜರ್ಲೆಂಡಿನ ಮೊರಿನಿ, ಇಟಲಿಯ ಪಾರ್ದಿನಿ ಇದರ ದೊಡ್ಡ ಹೆಸರುಗಳು. ಆರಂಭಿಕರಿಗೆ ಹೊಂದುವ ಮಾಡೆಲ್‌ಗಳೆಂದರೆ ಸ್ಟೈಯರ್ ಎಲ್‌ಪಿ2, ವಾಲ್ಟರ್ ಕಂಪನಿ ಹ್ಯಾಮರ್ಲಿ ಹೆಸರಿನಲ್ಲಿ ತಂದ ಎಪಿ20, ಆಲ್ಫಾ ಪ್ರೊಜ್ ಇಂಥವು. ದುಬಾರಿ ಮಾಡೆಲ್‌ಗಳಲ್ಲಿ ಒದೆತ ನುಂಗುವ ಅಬ್ಸಾರ್ಬರ್ ಇರುತ್ತದೆ, ಎಲ್‌ಪಿ2ರಲ್ಲಿ ಇಲ್ಲ. ಮೊದಲ ಎರಡು ವರ್ಷ ಅದಿಲ್ಲದ್ದರಿಂದ ಯಾರ ಸ್ಕೋರೂ ಕೆಡುವುದಿಲ್ಲ. ಆ ದುಡ್ಡನ್ನು ಪೆಲೆಟ್ಟಿಗೆ ಹಾಕಿ.

ಎಲೆಕ್ಟ್ರಾನಿಕ್ ಟ್ರಿಗರ್ ಇರುವ ಮಾಡೆಲ್‌ಗಳಿಗೂ ಇದೇ ಮಾತು. ಎಳೆತ ಬಹಳ ನಯ, ನಿಜ. ಆದರೆ ಬ್ಯಾಟರಿ, ತಂತಿ, ಸರ್ಕ್ಯೂಟ್ ಯಾವುದು ಕೈಕೊಟ್ಟರೂ ಊರಿನಲ್ಲಿ ರಿಪೇರಿ ಮಾಡುವವರು ಸಿಗುವುದು ಕಷ್ಟ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ ನಡುವೆ ಪಿಸ್ತೂಲ್ ಕೆಟ್ಟು ಮನು ಭಾಕರ್ ನಿಮಿಷಗಟ್ಟಲೆ ಸಮಯ ಕಳೆದುಕೊಂಡರು, 12ನೇ ಸ್ಥಾನಕ್ಕೆ ಇಳಿದು ಫೈನಲ್ ತಪ್ಪಿಸಿಕೊಂಡರು. ಅಕ್ಕಪಕ್ಕದಲ್ಲೇ ಕೋಚ್, ಬದಲಿ ಭಾಗಗಳು ಇದ್ದವರ ಕಥೆಯೇ ಹೀಗಾದರೆ ತಾಲ್ಲೂಕಿನ ರೇಂಜಿನಲ್ಲಿ ಕಲಿಯುವವರಿಗೆ ಮೆಕ್ಯಾನಿಕಲ್ ಟ್ರಿಗರ್ರೇ ಸರಿ.

ಅಂಗಡಿಗೆ ಹೋಗುವ ಮುನ್ನ ಕೈ ಅಳತೆ

ಕನಿಷ್ಠ ಎರಡು ಮೂರು ತಿಂಗಳು ಕ್ಲಬ್ಬಿನ ಪಿಸ್ತೂಲಿನಲ್ಲೇ ಅಭ್ಯಾಸ ಮಾಡಿ. ಅಷ್ಟು ಹೊತ್ತಿಗೆ ನಿಲ್ಲುವ ಭಂಗಿ ಒಂದು ಹದಕ್ಕೆ ಬಂದಿರುತ್ತದೆ, ಎರಡು ಮೂರು ಮಾಡೆಲ್ ಕೈಯಲ್ಲಿ ಹಿಡಿದು ನೋಡಿರುತ್ತೀರಿ, ಆಸಕ್ತಿ ಉಳಿಯುತ್ತದೋ ಇಲ್ಲವೋ ಅನ್ನುವುದೂ ಗೊತ್ತಾಗಿರುತ್ತದೆ.

ಗ್ರಿಪ್ ಸಾಮಾನ್ಯವಾಗಿ ಎಸ್, ಎಂ, ಎಲ್ ಅಳತೆಗಳಲ್ಲಿ, ಬಲಗೈ ಎಡಗೈಗೆ ಬೇರೆಬೇರೆಯಾಗಿ ಬರುತ್ತದೆ. ಬಿಳಿ ಹಾಳೆಯ ಮೇಲೆ ಅಂಗೈ ಇಟ್ಟು, ಬೆರಳು ಜೋಡಿಸಿ, ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಬೆರಳುಗಳ ಬುಡದಲ್ಲಿ ಅಂಗೈಯ ಅಗಲ ಎಷ್ಟು, ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಯವರೆಗೆ ಎಷ್ಟು ಎಂದು ಅಳೆದು ಡೀಲರಿಗೆ ಕಳಿಸಿದರೆ ಆಯಾ ಕಂಪನಿಯ ಪಟ್ಟಿ ನೋಡಿ ಅಳತೆ ಹೇಳುತ್ತಾರೆ. ಬೆಳೆಯುವ ಮಕ್ಕಳಿಗೆ "ಮುಂದಕ್ಕೂ ಆಗಲಿ" ಎಂದು ದೊಡ್ಡ ಗ್ರಿಪ್ ಕೊಡಿಸುವವರಿದ್ದಾರೆ. ಅದು ತಪ್ಪು. ಗ್ರಿಪ್ ದೊಡ್ಡದಾದರೆ ತೋರುಬೆರಳು ಟ್ರಿಗರಿಗೆ ಎಟುಕುವುದಿಲ್ಲ, ಎಟುಕಿಸಲು ಕೈ ತಿರುಚಬೇಕಾಗುತ್ತದೆ, ಆ ತಿರುಚು ಅಭ್ಯಾಸವಾಗಿ ಕೂತರೆ ಬಿಡಿಸುವುದಕ್ಕೆ ಕೋಚ್ ವರ್ಷಗಟ್ಟಲೆ ಹೆಣಗಬೇಕು. ಈಗ ಸರಿಹೊಂದುವುದನ್ನು ಕೊಡಿಸಿ, ಎರಡು ವರ್ಷ ಬಿಟ್ಟು ಗ್ರಿಪ್ ಮಾತ್ರ ಬದಲಿಸಿ.

ಕೈಗೆ ಸಿಕ್ಕಾಗ ಹೀಗೆ ಪರೀಕ್ಷಿಸಿ. ಪಿಸ್ತೂಲ್ ಖಾಲಿ ಇದೆ ಎಂದು ನೋಡಿಕೊಂಡು, ಸುರಕ್ಷಿತ ಗೋಡೆಯ ಕಡೆ ನಿಂತು, ಎಡಗೈಯಿಂದ ಬಲಗೈಗೆ ಪಿಸ್ತೂಲನ್ನು ಕೂರಿಸಿಕೊಳ್ಳಿ. ಹೆಬ್ಬೆರಳು-ತೋರುಬೆರಳ ನಡುವಿನ ಜಾಗ ಗ್ರಿಪ್ಪಿನ ಮೇಲ್ತುದಿಗೆ ಒತ್ತಿ ಕೂರಬೇಕು. ಕಣ್ಣು ಮುಚ್ಚಿ ತೋಳೆತ್ತಿ, ಉಸಿರು ಬಿಟ್ಟು, ಕಣ್ಣು ತೆರೆಯಿರಿ. ಮುಂದಿನ ಸೈಟ್, ಅಂದರೆ ನಳಿಕೆಯ ತುದಿಯಲ್ಲಿರುವ ಗುರಿಗಡ್ಡಿ, ಹಿಂದಿನ ಸೈಟಿನ ಸೀಳಿನ ಒಳಗೇ ಕಾಣಬೇಕು. ಐದಾರು ಸಲ ಮಾಡಿದಾಗಲೂ ಮುಂದಿನ ಸೈಟ್ ಒಂದೇ ಕಡೆ ವಾಲುತ್ತಿದ್ದರೆ ಗ್ರಿಪ್ಪಿನ ಕೋನ ನಿಮ್ಮ ಮಣಿಕಟ್ಟಿಗೆ ಹೊಂದುತ್ತಿಲ್ಲ. ಕೆಲವು ಮಾಡೆಲ್‌ಗಳಲ್ಲಿ ಈ ಕೋನವನ್ನು ಸ್ಕ್ರೂ ಸಡಿಲಿಸಿ ತಿದ್ದಬಹುದು, ಆ ಸೌಲಭ್ಯ ಇದೆಯೇ ಎಂದು ಕೇಳಿ. ಆಮೇಲೆ ತೋರುಬೆರಳನ್ನು ನೋಡಿ. ಅದರ ಮೊದಲ ಗೆಣ್ಣು ಮಾತ್ರ ಟ್ರಿಗರಿಗೆ ತಾಕಬೇಕು, ಬೆರಳಿನ ಉಳಿದ ಭಾಗ ಗ್ರಿಪ್ಪಿನ ಮರಕ್ಕೆ ತಗುಲದೆ ಗಾಳಿಯಲ್ಲಿರಬೇಕು.

ಹಳೆಯ ಪಿಸ್ತೂಲಿನಲ್ಲಿ ಮೊದಲಿನವರು ತಮ್ಮ ಕೈಗೆ ತಕ್ಕಂತೆ ಗ್ರಿಪ್ಪನ್ನು ಉಜ್ಜಿರುತ್ತಾರೆ, ಪುಟ್ಟಿ ಮೆತ್ತಿರುತ್ತಾರೆ. ಹೀಗೆ ಕೆತ್ತಿದ ಗ್ರಿಪ್ಪಿಗೆ ಬೆಲೆ ಕಟ್ಟಬೇಡಿ. ಹೊಸದರ ಬೆಲೆಯನ್ನು ಪಿಸ್ತೂಲಿನ ಬೆಲೆಯಿಂದ ಕಳೆದೇ ಚೌಕಾಸಿ ಮಾಡಿ. ಅಂಗೈ ಕೆಳಗಿನ ಹಲಗೆಯನ್ನು ಮೇಲ್ಮುಖವಾಗಿ ಬಾಗಿಸಿ ಕೈಯನ್ನು ಸುತ್ತುವರಿಯುವಂತೆ ಮಾಡಿದ್ದರೆ, ಮಣಿಕಟ್ಟಿಗೆ ಆಸರೆ ಕೊಡುವಂತೆ ಬೆಳೆಸಿದ್ದರೆ ಅದು ನಿಯಮಕ್ಕೆ ವಿರುದ್ಧ. ಪಂದ್ಯದ ಮುಂಚಿನ ತಪಾಸಣೆಯಲ್ಲೇ ಹೊರಗಿಡುತ್ತಾರೆ.

ತೂಕದ ಗರಿಷ್ಠ ಮಿತಿ 1500 ಗ್ರಾಂ, ಪಿಸ್ತೂಲ್ 420 × 200 × 50 ಮಿ.ಮೀ. ಪೆಟ್ಟಿಗೆಯೊಳಗೆ ಹಿಡಿಸಬೇಕು. ಹೆಸರಾಂತ ಕಂಪನಿಗಳ ಪಿಸ್ತೂಲಿಗೆ ಇದರ ಚಿಂತೆ ಇಲ್ಲ. ಮಕ್ಕಳಿಗೆ 900 ಗ್ರಾಮಿನ ಆಸುಪಾಸಿನದು, ಸಾಧ್ಯವಾದರೆ ಚಿಕ್ಕ ಸಿಲಿಂಡರಿನ ಕಾಂಪ್ಯಾಕ್ಟ್ ಮಾಡೆಲ್ ನೋಡಿ. ತುದಿಯಲ್ಲಿ ತೂಕ ಹೆಚ್ಚಾದಷ್ಟೂ ಭುಜ ಬೇಗ ಸೋಲುತ್ತದೆ.

ಸಿಲಿಂಡರಿನ ತಾರೀಖು

ರಿಯಾಯಿತಿ ವ್ಯಾಪಾರದಲ್ಲಿ ಜನ ಅತಿ ಹೆಚ್ಚು ಮೋಸ ಹೋಗುವ ಜಾಗ ಇದು. ಗಾಳಿಯ ಸಿಲಿಂಡರಿಗೆ ತಯಾರಕರು 10 ವರ್ಷದ ಆಯಸ್ಸು ಹೇಳುತ್ತಾರೆ. ಎಣಿಕೆ ಶುರುವಾಗುವುದು ನೀವು ಕೊಂಡ ದಿನದಿಂದಲ್ಲ, ತಯಾರಾದ ದಿನದಿಂದ. ತಯಾರಿಕೆಯ ತಿಂಗಳು-ವರ್ಷವನ್ನೋ, ಕೊನೆಯ ವರ್ಷವನ್ನೋ ಸಿಲಿಂಡರಿನ ಮೈಮೇಲೆ ಒತ್ತಿರುತ್ತಾರೆ. ಅವಧಿ ಮುಗಿಯದ ಸಿಲಿಂಡರ್ ಬಳಸುವ ಹೊಣೆ ಶೂಟರಿನದು ಎಂದು ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮವೇ ಹೇಳುತ್ತದೆ, ತಪಾಸಣೆಯಲ್ಲಿ ಅದನ್ನು ನೋಡಬಹುದು.

ಲೆಕ್ಕ ಹೀಗೆ ಹಾಕಿ. ಗೋದಾಮಿನಲ್ಲಿ 4 ವರ್ಷ ಕೂತ "ಹೊಚ್ಚಹೊಸ" ಪಿಸ್ತೂಲಿನ ಸಿಲಿಂಡರಿಗೆ ಉಳಿದಿರುವುದು 6 ವರ್ಷ. ಎರಡು ಸಿಲಿಂಡರ್ ಕೊಡುತ್ತಿದ್ದರೆ ಎರಡರದ್ದೂ ತಾರೀಖು ಸವೆದಿದೆ. ಎರಡನೇ ಕೈಯಲ್ಲಿ ಬಂದ 9 ವರ್ಷದ ಪಿಸ್ತೂಲ್ ಎಷ್ಟೇ ಥಳಥಳ ಹೊಳೆಯುತ್ತಿದ್ದರೂ ಮುಂದಿನ ವರ್ಷ ಹೊಸ ಸಿಲಿಂಡರಿನ ಖರ್ಚು ಕಾದಿದೆ. ಆ ಖರ್ಚನ್ನು ಬೆಲೆಗೆ ಕೂಡಿಸಿದ ಮೇಲೂ ಅಗ್ಗವಾಗಿದ್ದರೆ ಮಾತ್ರ ಅದು ಅಗ್ಗ. ಡೀಲರ್ ಫೋಟೊ ಕಳಿಸುವಾಗ ಪಿಸ್ತೂಲಿನ ಫೋಟೊಗಿಂತ ಮೊದಲು ಸಿಲಿಂಡರಿನ ಮೇಲೆ ಒತ್ತಿದ ಅಕ್ಷರಗಳ ಫೋಟೊ ಕೇಳಿ. ಸ್ಟಿಕರ್ ಅಂಟಿಸಿ ಮುಚ್ಚಿದ್ದರೆ ತೆಗೆಸಿ ನೋಡಿ.

ಇನ್ನೊಂದು ಪ್ರಶ್ನೆಯನ್ನು ಹಣ ಕೊಡುವ ಮೊದಲೇ ಕೇಳಬೇಕು: ಈ ಮಾಡೆಲಿನ ಸಿಲಿಂಡರ್ ಈಗಲೂ ತಯಾರಾಗುತ್ತಿದೆಯೇ? ಸಿಲಿಂಡರಿನ ತಿರುಪು ಕಂಪನಿಯಿಂದ ಕಂಪನಿಗೆ, ಕೆಲವೊಮ್ಮೆ ಒಂದೇ ಕಂಪನಿಯ ಮಾಡೆಲಿಂದ ಮಾಡೆಲಿಗೆ ಬೇರೆ. ಸ್ಟೈಯರ್ ಎಲ್‌ಪಿ10ರ ಜಾಗಕ್ಕೆ ಇವೊ 10 ಬಂದಿದೆ, ವಾಲ್ಟರ್ ಎಲ್‌ಪಿ400ರ ಜಾಗಕ್ಕೆ ಎಲ್‌ಪಿ500 ಬಂದಿದೆ. ಹೀಗೆ ಈಚೆಗೆ ಹಿಂದೆ ಸರಿದ ಮಾಡೆಲ್‌ಗಳು ರಿಯಾಯಿತಿಯಲ್ಲಿ ಸಿಕ್ಕರೆ ನಮ್ಮ ಪ್ರಕಾರ ಅದಕ್ಕಿಂತ ಒಳ್ಳೆಯ ವ್ಯಾಪಾರವಿಲ್ಲ. ಬಳಸುವವರು ಇನ್ನೂ ಬಹಳ ಜನ ಇರುವುದರಿಂದ ಬಿಡಿಭಾಗ ಸಿಗುತ್ತದೆ. ಆದರೆ ತುಂಬಾ ಹಿಂದೆಯೇ ನಿಂತುಹೋದ ಮಾಡೆಲಿಗೆ ಸಿಲಿಂಡರ್ ಸಿಗದಿದ್ದರೆ ಆ ಪಿಸ್ತೂಲ್ ಕಪಾಟಿನ ಅಲಂಕಾರಕ್ಕಷ್ಟೇ.

ಸೋರಿಕೆಯ ಪರೀಕ್ಷೆ

ಸಿಲಿಂಡರ್ ತುಂಬಿಸಿ ಪಿಸ್ತೂಲಿಗೆ ಜೋಡಿಸಿ, ಮಾಪಕ ಎಷ್ಟು ಒತ್ತಡ ತೋರಿಸುತ್ತಿದೆ ಎಂದು ಬರೆದಿಟ್ಟುಕೊಂಡು, ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ನೋಡಬೇಕು. ತುಂಬಿಸಿದ ತಕ್ಷಣದ ಅಂಕಿಯನ್ನು ನಂಬಬೇಡಿ. ಗಾಳಿ ವೇಗವಾಗಿ ನುಗ್ಗಿದಾಗ ಸಿಲಿಂಡರ್ ಬಿಸಿಯಾಗುತ್ತದೆ, ಆರಿದ ಮೇಲೆ ಮುಳ್ಳು ತಾನಾಗಿ ಸ್ವಲ್ಪ ಇಳಿಯುತ್ತದೆ. ಅದು ಸೋರಿಕೆಯಲ್ಲ. ಅರ್ಧ ಗಂಟೆ ಬಿಟ್ಟು, ಮೈ ತಣ್ಣಗಾದ ಮೇಲೆ ಬಂದ ಅಂಕಿಯನ್ನು ಬರೆದುಕೊಳ್ಳಿ. ಬೆಳಿಗ್ಗೆಗೆ ಮುಳ್ಳು ಕಣ್ಣಿಗೆ ಕಾಣುವಷ್ಟು ಇಳಿದಿದ್ದರೆ ಎಲ್ಲೋ ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಸವೆದಿದೆ. ಸಿಲಿಂಡರನ್ನು ಬಿಚ್ಚಿ ಬೇರೆಯಾಗಿಟ್ಟು ಮತ್ತೊಂದು ರಾತ್ರಿ ನೋಡಿ. ಬಿಚ್ಚಿಟ್ಟಾಗಲೂ ಇಳಿದರೆ ದೋಷ ಸಿಲಿಂಡರಿನದು. ಬಿಚ್ಚಿಟ್ಟಾಗ ನಿಂತು, ಜೋಡಿಸಿದಾಗ ಇಳಿದರೆ ದೋಷ ಪಿಸ್ತೂಲಿನ ಒಳಗೆ ಅಥವಾ ಜೋಡಣೆಯ ಓ-ರಿಂಗಿನಲ್ಲಿ. ಜೋಡಣೆಯ ಓ-ರಿಂಗ್ ಬದಲಿಸುವುದು ಸುಲಭ, ಅಗ್ಗ. ಒಳಗಿನ ವಾಲ್ವಿನದಾದರೆ ತಜ್ಞರ ಕೆಲಸ.

ಹಳೆಯ ಪಿಸ್ತೂಲಿಗೆ ಇನ್ನೊಂದು ರೋಗ ಬರುತ್ತದೆ, ಬರಿಗಣ್ಣಿಗೆ ಅದು ಕಾಣುವುದಿಲ್ಲ. 200 ಬಾರ್ ಒತ್ತಡವನ್ನು ತಗ್ಗಿಸಿ ಪ್ರತಿ ಗುಂಡಿಗೂ ಒಂದೇ ಅಳತೆಯ ಗಾಳಿ ಕೊಡುವ ರೆಗ್ಯುಲೇಟರ್ ಒಳಗಿರುತ್ತದೆ. ಅದರ ಸೀಲು ಸವೆದರೆ ಪಿಸ್ತೂಲ್ ಸುಮ್ಮನಿದ್ದಾಗ ಒತ್ತಡ ನಿಧಾನಕ್ಕೆ ಮುಂದಕ್ಕೆ ನುಸುಳುತ್ತದೆ. ಹೊತ್ತು ಬಿಟ್ಟು ಹೊಡೆದ ಮೊದಲ ಗುಂಡಿನ ವೇಗ ಉಳಿದವುಗಳಿಗಿಂತ ಬೇರೆಯಾಗಿರುತ್ತದೆ, ಪೆಟ್ಟು ಬೀಳುವ ಜಾಗವೂ ಬದಲಾಗುತ್ತದೆ. ಕೆಲವು ರೇಂಜುಗಳಲ್ಲಿ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇರುತ್ತದೆ. 10 ಗುಂಡು ಹೊಡೆದು ವೇಗ ಬರೆಯಿರಿ, ಹತ್ತು ನಿಮಿಷ ಬಿಟ್ಟು ಮತ್ತೆ 10 ಹೊಡೆಯಿರಿ. ಒಳ್ಳೆಯ ಪಿಸ್ತೂಲಿನಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ವೇಗದ ನಡುವೆ ಸೆಕೆಂಡಿಗೆ ಮೂರು ನಾಲ್ಕು ಮೀಟರಿಗಿಂತ ಹೆಚ್ಚು ಅಂತರ ಇರಬಾರದು. ಎರಡನೇ ಸರಣಿಯ ಮೊದಲ ಗುಂಡೊಂದೇ ಜಿಗಿದು ನಿಂತಿದ್ದರೆ ರೆಗ್ಯುಲೇಟರ್ ಸರ್ವಿಸ್ ಆಗಬೇಕು. ಆ ಖರ್ಚನ್ನು ಮಾರುವವರು ಭರಿಸಲಿ, ಇಲ್ಲವೇ ಬೆಲೆ ಇಳಿಸಲಿ.

ಟ್ರಿಗರ್

ನಿಯಮದ ಪ್ರಕಾರ ಟ್ರಿಗರ್ ಎಳೆತ ಕನಿಷ್ಠ 500 ಗ್ರಾಂ ಇರಬೇಕು. ಪರೀಕ್ಷೆ ಮಾಡುವುದು ಹೀಗೆ: ಕೊಕ್ಕೆ ಇರುವ 500 ಗ್ರಾಂ ತೂಕವನ್ನು ಮೇಜಿನ ಮೇಲಿಟ್ಟು, ಪೆಲೆಟ್ ಇಲ್ಲದ ಪಿಸ್ತೂಲನ್ನು ಕಾಕ್ ಮಾಡಿ (ಹಾರಿಸಲು ಸಜ್ಜುಗೊಳಿಸಿ), ನಳಿಕೆ ನೇರ ಮೇಲಕ್ಕಿರುವಂತೆ ಹಿಡಿದು, ಕೊಕ್ಕೆಯನ್ನು ಟ್ರಿಗರಿನ ನಡುಭಾಗಕ್ಕೆ ಸಿಕ್ಕಿಸಿ, ಮೆಲ್ಲಗೆ ಎತ್ತಬೇಕು. ಟ್ರಿಗರ್ ಬೀಳದೆ ತೂಕ ಮೇಜಿನಿಂದ ಮೇಲೆ ಬಂದರೆ ತೇರ್ಗಡೆ. ಪಂದ್ಯದಲ್ಲಿ ಇದಕ್ಕೆ ಮೂರು ಅವಕಾಶ ಕೊಡುತ್ತಾರೆ. ಅಂಚಿನಲ್ಲಿ 500ಕ್ಕೇ ಇಟ್ಟುಕೊಂಡರೆ ಸ್ಕ್ರೂ ಒಂದಿಷ್ಟು ಸಡಿಲವಾದರೂ ಫೇಲ್. 520ರಿಂದ 550ರ ನಡುವೆ ಇಟ್ಟರೆ ನೆಮ್ಮದಿ.

ಕೊಳ್ಳುವಾಗ ನೋಡಬೇಕಾದದ್ದು ಎಳೆತ ಎಷ್ಟು ಹಗುರ ಎಂದಲ್ಲ, ಪ್ರತಿ ಸಲವೂ ಒಂದೇ ಥರ ಇದೆಯೇ ಎಂದು. ಎಳೆಯುವಾಗ ಮೊದಲ ಹಂತ ಸಲೀಸಾಗಿ ಸರಿದು, ಒಂದು ಗೋಡೆಗೆ ತಾಗಿದಂತೆ ನಿಂತು, ಇನ್ನಷ್ಟು ಒತ್ತಿದಾಗ ಥಟ್ಟನೆ ಬಿಡಬೇಕು. ಆ ಗೋಡೆ ಕೆಲವೊಮ್ಮೆ ಸಿಕ್ಕಿ ಕೆಲವೊಮ್ಮೆ ಸಿಗದಿದ್ದರೆ, ಮರಳಿನ ಮೇಲೆ ಎಳೆದಂತೆ ಕಿರಕಿರ ಅನಿಸಿದರೆ ಒಳಗಿನ ಅಂಚುಗಳು ಸವೆದಿವೆ, ಅಥವಾ ತಿಳಿಯದವರು ಯಾರೋ ಕೈ ಹಾಕಿದ್ದಾರೆ. ಮೊದಲ ಹಂತದ ತೂಕ, ಎರಡನೇ ಹಂತದ ತೂಕ, ಸರಿಯುವ ದೂರ, ಬಿಟ್ಟ ಮೇಲೆ ಬೆರಳು ನಿಲ್ಲುವ ಜಾಗ, ಬ್ಲೇಡಿನ (ಬೆರಳು ತಾಕುವ ಪಟ್ಟಿಯ) ಸ್ಥಾನ, ಇವುಗಳಿಗೆಲ್ಲ ಬೇರೆಬೇರೆ ಸ್ಕ್ರೂ ಇರುತ್ತದೆ. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಆ ಪಿಸ್ತೂಲ್ ಬಿಟ್ಟುಬಿಡಿ.

ಡ್ರೈ ಫೈರ್ ಸೌಲಭ್ಯ ಇಲ್ಲದ ಪಿಸ್ತೂಲನ್ನು ಮಾತ್ರ ಯಾವ ಬೆಲೆಗೂ ತೆಗೆದುಕೊಳ್ಳಬೇಡಿ. ಗಾಳಿಯೂ ಪೆಲೆಟ್ಟೂ ಇಲ್ಲದೆ, ಟ್ರಿಗರ್ ಮಾತ್ರ ನಿಜದಂತೆ ಬೀಳುವ ವ್ಯವಸ್ಥೆ ಅದು. ಮನೆಯಲ್ಲಿ ಬಿಳಿ ಗೋಡೆಯ ಮುಂದೆ ದಿನಕ್ಕೆ 20 ನಿಮಿಷ ಹೀಗೆ ಮಾಡುವ ಅಭ್ಯಾಸ ಆರಂಭಿಕರನ್ನು ರೇಂಜಿನಲ್ಲಿ ಹಾರಿಸಿದ ನೂರು ಗುಂಡಿಗಿಂತ ಮುಂದೆ ಒಯ್ಯುತ್ತದೆ, ಖರ್ಚೂ ಇಲ್ಲ.

ನಳಿಕೆ, ಸೈಟ್

ನಳಿಕೆಯ ಬಾಯಿಯ ಅಂಚು ಸುತ್ತಲೂ ಒಂದೇ ಸಮ ಇರಬೇಕು. ಅಲ್ಲಿ ಗೀರು, ತಗ್ಗು ಇದ್ದರೆ ಪೆಲೆಟ್ ಹೊರಡುವಾಗ ಗಾಳಿ ಒಂದು ಕಡೆಯಿಂದ ಮೊದಲು ನುಗ್ಗಿ ಅದನ್ನು ಓರೆ ಮಾಡುತ್ತದೆ. ಹಿಂದಿನವರು ಉಕ್ಕಿನ ಗೋಲಿ ಹಾರಿಸಿದ್ದರೆ ಒಳಗಿನ ಗೆರೆಗಳು ಹಾಳಾಗಿರುತ್ತವೆ. ಕೇಳಿದರೆ ಯಾರೂ ಒಪ್ಪುವುದಿಲ್ಲ, ಗುರಿಯ ಹಾಳೆಯಲ್ಲಿ ಕಾಣುತ್ತದೆ. ಪಿಸ್ತೂಲನ್ನು ವೈಸಿಗೆ ಬಿಗಿದು ಅಥವಾ ಮೇಜಿನ ಮೇಲೆ ಮರಳಿನ ಚೀಲಕ್ಕೆ ಆನಿಸಿ 10 ಮೀಟರಿನಿಂದ ಐದು ಗುಂಡು ಹಾರಿಸಿ. ಗುರಿಹಾಳೆಯಲ್ಲಿ 10ರ ವೃತ್ತದ ವ್ಯಾಸ 11.5 ಮಿ.ಮೀ. ಆರೋಗ್ಯವಂತ ಪಿಸ್ತೂಲ್ ಆಸರೆ ಕೊಟ್ಟಾಗ ಐದನ್ನೂ ಆ ವೃತ್ತದ ಅಗಲದೊಳಗೆ ಕೂಡಿಸಬೇಕು. ಗುಂಪು ಹರಡಿದರೆ ಇನ್ನೊಂದು ಬ್ರಾಂಡಿನ ಪೆಲೆಟ್ ಹಾಕಿ ಮತ್ತೊಮ್ಮೆ ನೋಡಿ. ಆಗಲೂ ಹರಡಿದರೆ ದೋಷ ನಳಿಕೆಯದು.

ಸೈಟಿಗೆ ಒಂದು ಸರಳ ಪರೀಕ್ಷೆ ಸಾಕು. ಐದು ಗುಂಡು ಹೊಡೆದು, ಹಿಂದಿನ ಸೈಟನ್ನು ಬಲಕ್ಕೆ 10 ಕ್ಲಿಕ್, ಮತ್ತೆ ಎಡಕ್ಕೆ 10 ಕ್ಲಿಕ್ ತಿರುಗಿಸಿ, ಇನ್ನೈದು ಹೊಡೆಯಿರಿ. ಎರಡು ಗುಂಪೂ ಒಂದೇ ಜಾಗದಲ್ಲಿ ಬೀಳಬೇಕು. ಹಿಂದಿನ ಸೈಟಿನ ಸೀಳಿನ ಅಗಲ ಹೆಚ್ಚುಕಡಿಮೆ ಮಾಡುವ ವ್ಯವಸ್ಥೆ ಇದ್ದರೆ ಒಳ್ಳೆಯದು, ಕಣ್ಣಿಗೂ ರೇಂಜಿನ ಬೆಳಕಿಗೂ ತಕ್ಕಂತೆ ತಿದ್ದಿಕೊಳ್ಳಬಹುದು.

ಪಿಸ್ತೂಲಿನ ಹೊರಗಿನ ಖರ್ಚು

ಇಡೀ ಬಜೆಟ್ಟನ್ನು ಪಿಸ್ತೂಲಿಗೇ ಸುರಿದು ಆಮೇಲೆ ಗಾಳಿ ತುಂಬಿಸಲು ದಾರಿಯಿಲ್ಲದೆ ಪರದಾಡುವವರು ಕಡಿಮೆ ಇಲ್ಲ. ತುಂಬಿಸುವ ಅಡಾಪ್ಟರ್ ಆಯಾ ಕಂಪನಿಯದೇ ಆಗಬೇಕು. ಹೊಸದರ ಪೆಟ್ಟಿಗೆಯಲ್ಲಿ ಬರುತ್ತದೆ, ಹಳೆಯದರಲ್ಲಿ ಕಳೆದುಹೋಗಿರುತ್ತದೆ. ಕ್ಲಬ್ಬಿನಲ್ಲಿ ದೊಡ್ಡ ಸ್ಕೂಬಾ ಸಿಲಿಂಡರ್ ಇದ್ದರೆ ಅಲ್ಲೇ ತುಂಬಿಸಿಕೊಳ್ಳಬಹುದು. ಆದರೆ ದೊಡ್ಡ ಸಿಲಿಂಡರಿನಲ್ಲಿ 150 ಬಾರ್ ಉಳಿದಿದ್ದರೆ ನಿಮ್ಮದಕ್ಕೂ ಅಷ್ಟೇ ಬರುತ್ತದೆ. ಅದು 300 ಬಾರಿನದಾದರೆ ವಾಲ್ವನ್ನು ಕೂದಲೆಳೆಯಷ್ಟು ತೆರೆದು, ನಿಧಾನಕ್ಕೆ ತುಂಬಿಸಿ, 200ಕ್ಕೆ ನಿಲ್ಲಿಸಬೇಕು. ರೇಂಜ್ ದೂರವಿರುವ ಊರಿನವರಿಗೆ ಕೈಪಂಪ್ ಅನಿವಾರ್ಯ. ತೇವ ಹೀರುವ ಫಿಲ್ಟರ್ ಇರುವುದನ್ನೇ ಕೊಳ್ಳಿ. ನಮ್ಮ ಕರಾವಳಿ, ಮಲೆನಾಡಿನ ಮಳೆಗಾಲದ ಗಾಳಿಯನ್ನು ನೇರ ಒತ್ತಿದರೆ ನೀರಿನಂಶ ಸಿಲಿಂಡರಿನ ಒಳಗೇ ಸೇರುತ್ತದೆ.

ಆಸ್ಪತ್ರೆಯ ಅಥವಾ ವೆಲ್ಡಿಂಗಿನ ಆಮ್ಲಜನಕವನ್ನು ಯಾವ ಕಾರಣಕ್ಕೂ ತುಂಬಿಸಬೇಡಿ. ಒತ್ತಡದ ಆಮ್ಲಜನಕಕ್ಕೆ ಒಂದಿಷ್ಟು ಎಣ್ಣೆ ಜಿಡ್ಡು ತಾಗಿದರೂ ಸಿಡಿಯುತ್ತದೆ. ಸಾಮಾನ್ಯ ಮೆಷಿನ್ ಆಯಿಲ್ಲನ್ನೂ ಗಾಳಿ ಹಾಯುವ ಭಾಗಕ್ಕೆ ಹಾಕಬಾರದು, ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿದರೆ ಸಾಕು.

ಪೆಲೆಟ್ 500ರ ಡಬ್ಬಿಯಲ್ಲಿ ಬರುತ್ತದೆ. ದಿನಕ್ಕೆ 80ರಂತೆ ವಾರದಲ್ಲಿ ನಾಲ್ಕು ದಿನ ಅಭ್ಯಾಸ ಮಾಡಿದರೆ 320, ಅಂದರೆ ಡಬ್ಬಿ ಎರಡು ವಾರವೂ ಬರುವುದಿಲ್ಲ. ವರ್ಷದ ಲೆಕ್ಕ ಹಾಕಿದರೆ ಇದು ಪಿಸ್ತೂಲಿನ ಬೆಲೆಯ ಜೊತೆ ಪೈಪೋಟಿಗಿಳಿಯುವ ಮೊತ್ತ. ಆರ್‌ಡಬ್ಲ್ಯೂಎಸ್, ಹೆಚ್ ಅಂಡ್ ಎನ್, ಜೆಎಸ್‌ಬಿ ಮೂರೂ ಪಂದ್ಯದ ಪೆಲೆಟ್ ಮಾಡುತ್ತವೆ. ಚಪ್ಪಟೆ ತಲೆಯದನ್ನೇ ಆರಿಸಿ, ಅದು ಕಾಗದದಲ್ಲಿ ದುಂಡಗಿನ ತೂತು ಕೊರೆಯುತ್ತದೆ. ತಲೆಯ ಅಳತೆ 4.49, 4.50 ಎಂದು ಬೇರೆಬೇರೆ ಇರುತ್ತದೆ. ಎರಡನ್ನೂ ಒಂದೊಂದು ಡಬ್ಬಿ ತಂದು, ಮೇಲೆ ಹೇಳಿದಂತೆ ಆಸರೆ ಕೊಟ್ಟು ಹೊಡೆದು, ಗುಂಪು ಚಿಕ್ಕದಾಗಿ ಬಂದದ್ದನ್ನೇ ಮುಂದುವರಿಸಿ. ಆರಂಭದ ಅಭ್ಯಾಸಕ್ಕೆ ಆಯಾ ಕಂಪನಿಯ ಅಗ್ಗದ ದರ್ಜೆಯೇ ಸಾಕು.

ಇವುಗಳ ಜೊತೆಗೆ ಬೀಗದ ಪೆಟ್ಟಿಗೆ, ನಳಿಕೆಯ ಪೂರ್ತಿ ಉದ್ದಕ್ಕೆ ತೂರಿಸುವ ಕಿತ್ತಳೆ ಬಣ್ಣದ ಸೇಫ್ಟಿ ಲೈನ್ (ನಳಿಕೆ ಖಾಲಿ ಎಂದು ತೋರಿಸುವ ದಾರ), ನಳಿಕೆ ಒರೆಸುವ ಫೆಲ್ಟ್ ಗುಳಿಗೆ, ಎರಡು ಮೂರು ಜೊತೆ ಓ-ರಿಂಗ್. ದುಬಾರಿ ಶೂಟಿಂಗ್ ಕನ್ನಡಕ, ವಿಶೇಷ ಬೂಟು ಇವತ್ತೇ ಬೇಡ.

ಕೊಂಡ ಮೇಲೆ

ಹಣ ಕೊಡುವ ಮುಂಚೆ ಮೂರು ವಿಷಯ ಬರಹದಲ್ಲಿ ಇರಲಿ: ವಾರಂಟಿ ಎಷ್ಟು ಕಾಲ ಮತ್ತು ಯಾರು ಕೊಡುವವರು, ಸೋರಿಕೆ ಕಂಡರೆ ಎಷ್ಟು ದಿನದೊಳಗೆ ವಾಪಸ್ ತೆಗೆದುಕೊಳ್ಳುತ್ತಾರೆ, ಸರ್ವಿಸ್ ಎಲ್ಲಿ. "ರಿಯಾಯಿತಿ ಮಾಲಿಗೆ ವಾರಂಟಿ ಇಲ್ಲ" ಎಂದು ಸಣ್ಣಕ್ಷರದಲ್ಲಿ ಬರೆದಿರುವ ಬಿಲ್ಲುಗಳಿವೆ, ಓದಿಯೇ ಸಹಿ ಮಾಡಿ. ಬೇರೆ ಶೂಟರಿಂದ ಕೊಳ್ಳುವುದಾದರೆ ಮೂಲ ಬಿಲ್, ಅವರ ಗುರುತಿನ ದಾಖಲೆಯ ಪ್ರತಿ, ಇಬ್ಬರೂ ಸಹಿ ಹಾಕಿದ ಮಾರಾಟದ ಪತ್ರ ಬೇಕು. ಬಿಲ್ಲಿನ ಸೀರಿಯಲ್ ನಂಬರನ್ನು ಪಿಸ್ತೂಲಿನ ಮೈಮೇಲಿನ ನಂಬರಿನೊಂದಿಗೆ ಅಂಕಿ ಅಂಕಿಯಾಗಿ ತಾಳೆ ನೋಡಿ.

ಮನೆಗೆ ತಂದ ಮೊದಲ ವಾರ ಯಾವ ಸ್ಕ್ರೂವನ್ನೂ ಮುಟ್ಟಬೇಡಿ. ಟ್ರಿಗರಿನ, ಸೈಟಿನ ಈಗಿನ ಸ್ಥಿತಿಯನ್ನು ಫೋಟೊ ತೆಗೆದಿಟ್ಟುಕೊಳ್ಳಿ. ತಿದ್ದುವಾಗ ಒಂದು ಸಲಕ್ಕೆ ಒಂದೇ ಸ್ಕ್ರೂ, ಅದೂ ಕಾಲು ಸುತ್ತು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು. ಮನೆಯಲ್ಲಿ 10 ಮೀಟರ್ ಜಾಗವಿದ್ದರೆ ಗುರಿಯ ನಡುಬಿಂದುವನ್ನು ನೆಲದಿಂದ 1.4 ಮೀಟರ್ ಎತ್ತರಕ್ಕೆ ಕಟ್ಟಿ, ಹಿಂದೆ ಉಕ್ಕಿನ ತಗಡಿನ ಪೆಲೆಟ್ ಪೆಟ್ಟಿಗೆ, ಅದರ ಹಿಂದೆ ಗಟ್ಟಿ ಗೋಡೆ ಇರಲಿ. ಗುರಿಯ ಪಕ್ಕದಲ್ಲಿ ಬಾಗಿಲು ಇರಕೂಡದು. ಅಭ್ಯಾಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಏನನ್ನೂ ತಿನ್ನಬೇಡಿ, ಬೆರಳಿಗೆ ಸೀಸ ಅಂಟಿರುತ್ತದೆ.

ಮಾಪಕ 70–80 ಬಾರಿನ ಸಮೀಪ ಬಂದಾಗ ಮತ್ತೆ ತುಂಬಿಸಿ. ಅದಕ್ಕಿಂತ ಕೆಳಗೆ ಹೋದರೆ ಪೆಟ್ಟು ಕೆಳಕ್ಕೆ ಬೀಳತೊಡಗುತ್ತದೆ, ಕಲಿಯುವವರು ತಮ್ಮದೇ ತಪ್ಪೆಂದು ಸೈಟ್ ತಿರುಗಿಸಿ ಇನ್ನಷ್ಟು ಗೋಜಲು ಮಾಡಿಕೊಳ್ಳುತ್ತಾರೆ. ಸಿಲಿಂಡರನ್ನು ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ವಿಮಾನದಲ್ಲಿ ಒಯ್ಯುವುದಿದ್ದರೆ ಅದನ್ನು ಪೂರ್ತಿ ಖಾಲಿ ಮಾಡಿ, ಪಿಸ್ತೂಲನ್ನು ಚೆಕ್-ಇನ್ ಲಗೇಜಿನಲ್ಲಿ ಘೋಷಿಸಿಯೇ ಹಾಕಬೇಕು. ಟಿಕೆಟ್ ತೆಗೆಯುವ ಮೊದಲೇ ವಿಮಾನ ಸಂಸ್ಥೆಯ ಒಪ್ಪಿಗೆಯನ್ನು ಇಮೇಲಿನಲ್ಲಿ ತರಿಸಿಕೊಂಡು, ಅದರ ಮುದ್ರಿತ ಪ್ರತಿಯನ್ನು ಬಿಲ್ಲಿನ ಜೊತೆ ಪೆಟ್ಟಿಗೆಯಲ್ಲೇ ಇಡಿ.